ಬೂದಿ ಗೆರೆಯೊಳಗಿನ ಹಳದಿ ಕಾರು

ನಮ್ಮತ್ತೆಗೆ ಕಳ್ಳರ ಮೇಲೆ ಇರುವಷ್ಟು ನಂಬಿಕೆ ದೇವರ ಮೇಲೂ ಇಲ್ಲ. ದೇವರು ಕರೆದರೆ ಬಂದಾನು, ಬಾರದೆಯೂ ಇದ್ದಾನು. ಕಳ್ಳ ಮಾತ್ರ ಕರೆಯದಿದ್ದರೂ ಬಂದೇ ಬರುತ್ತಾನೆ ಎಂಬುದು ಅವಳ ಸಿದ್ಧಾಂತ. ಅಂಥಾದ್ದು ಕದಿಯುವುದಕ್ಕೆ ಅವಳ ಮನೆಯಲ್ಲಿ ಏನಿದೆ ಎಂದು ನೀವು ಕೇಳಬಹುದು. ಮನೆಯೊಳಗೆ ಏನೂ ಇಲ್ಲ. ಇರುವುದೆಲ್ಲ ಮನೆಯ ಹೊರಗೆ, ಬೀದಿಯಲ್ಲಿ, ಹೊಂಗೆ ಮರದ ಕೆಳಗೆ ನಿಂತಿದೆ. ಅರಿಶಿನದ ಬಣ್ಣದ ಸ್ಪೋರ್ಟ್ಸ್ ಕಾರು. ಎರಡೇ ಸೀಟು. ಅತ್ತೆಗೆ ಅರವತ್ತೆಂಟು ವರ್ಷ.

ಕೊನೆಯ ಮೂರು ವಾಕ್ಯಗಳನ್ನು ಬೇಕಾದರೆ ಇನ್ನೊಮ್ಮೆ ಓದಿಕೊಳ್ಳಿ. ಮೊದಲ ಸಲ ಕೇಳಿದಾಗ ನಮ್ಮ ಮನೆಯವರಿಗೂ ಹಾಗೇ ಆಗಿತ್ತು.

ಹೆಗ್ಗನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಡ್ಡರಸ್ತೆಗಳೂ ಒಂದು ಬೇಕರಿಯೂ ಬೆಳೆದಿವೆ. ತಾತ ತನ್ನ ಮಗಳನ್ನು, ಅಂದರೆ ನಮ್ಮತ್ತೆಯನ್ನು, ಇದೇ ಊರಿಗೆ ಕೊಟ್ಟ. ಅವಳ ಮನೆಗೂ ನಮ್ಮ ಮನೆಗೂ ಎರಡು ಕ್ರಾಸು ದೂರ. ಸುಂಕದಕಟ್ಟೆಯ ಹತ್ತಿರ ರಾಗಿ ಮಿಷನ್ ಇಟ್ಟುಕೊಂಡು, ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡು, ಅರ್ಧ ಮಾಗಡಿ ರಸ್ತೆಗೆ ಮುದ್ದೆ ತಿನ್ನಿಸಿದವಳು ಅವಳು. ಜನ ಹಿಟ್ಟನ್ನು ಪ್ಯಾಕೆಟ್ಟಿನಲ್ಲಿ ಕೊಳ್ಳತೊಡಗಿದ ಮೇಲೆ ಮಿಷನ್ ಮಾರಿದಳು. ಬೇರೆಯವರಾಗಿದ್ದರೆ ಕಾಶಿಗೆ ಹೋಗಿ ಬರುತ್ತಿದ್ದರು, ಇಲ್ಲವೇ ಎರಡೆಳೆ ಸರ ಮಾಡಿಸಿಕೊಳ್ಳುತ್ತಿದ್ದರು. ಅತ್ತೆ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಅಲ್ಲಿ ಕಲಿಸುವಾತ ಎರಡನೆಯ ದಿನದಿಂದ ಬೆಳಗಿನ ತಿಂಡಿ ತಿನ್ನದೆ ಬರತೊಡಗಿದನಂತೆ. ಲೈಸೆನ್ಸ್ ಕೈಗೆ ಬಂದ ವಾರದಲ್ಲಿ, ಯಾರೋ ಶೋಕಿಗೆ ಕೊಂಡು ಬೆಂಗಳೂರಿನ ಹಂಪುಗಳಿಗೆ ಹೆದರಿ ಮಾರುತ್ತಿದ್ದ ಈ ಕಾರು ಅವಳ ಮನೆ ಮುಂದೆ ಬಂದು ನಿಂತಿತು.

"ಎರಡೇ ಸೀಟು ಯಾಕತ್ತೆ?" ಎಂದು ನಾನು ಕೇಳಿದೆ.

"ನಾಲ್ಕು ಸೀಟಿದ್ರೆ ಮದುವೆಗೆ ಹೋಗೋರೆಲ್ಲ ನಂಗೇ ಫೋನ್ ಮಾಡ್ತಾರೆ ಕಣೆ."

ಆ ಎರಡನೆಯ ಸೀಟಿನಲ್ಲಿ ಕೂರಬೇಕಾದವರು ಮಾವ, ಅತ್ತೆಯ ಗಂಡ. ಅವರು ಒಂದೇ ಒಂದು ಸಲ ಕೂತರು. ಕಾರು ನೆಲದಿಂದ ಒಂದು ಗೇಣು ಮೇಲಿದೆ, ಮಾವನ ಮಂಡಿ ಮಡಚುವುದಿಲ್ಲ. "ಬಾವಿಗೆ ಇಳಿದಂಗೆ ಇಳೀಬೇಕು, ಮೇಲೆ ಬರೋಕೆ ಹಗ್ಗ ಬಿಡ್ಬೇಕು" ಎಂದು ಅವರು ಅಲ್ಲಿಗೇ ಕೈಮುಗಿದರು. ನಾನು ಕೂರುತ್ತೇನೆ ಎಂದರೆ ಅತ್ತೆ ಏನಾದರೊಂದು ನೆಪ ಹೇಳುತ್ತಿದ್ದಳು. ಹಾಗಾಗಿ ಎಡಗಡೆಯ ಸೀಟು ಖಾಲಿಯೇ ಉಳಿಯಿತು.

ಕಾರು ನೋಡಲು ಅಪ್ಪ ಬಂದ ದಿನ ನಾನೂ ಜೊತೆಯಲ್ಲಿದ್ದೆ. ಅಪ್ಪ ಅತ್ತೆಗಿಂತ ಎರಡು ವರ್ಷ ಚಿಕ್ಕವನು. ಆದರೆ ಅಕ್ಕನಿಗೆ ಬುದ್ಧಿ ಹೇಳುವ ವಿಷಯದಲ್ಲಿ ಮೊದಲಿನಿಂದಲೂ ಅವನೇ ಹಿರಿಯ.

"ಇದೇನಕ್ಕ ಇದು?"

"ಕಾರು."

"ಅದು ಗೊತ್ತಾಯ್ತು. ಯಾರ್ದು?"

"ನಂದು."

ಅಪ್ಪ ಕಾರಿಗೆ ಒಂದು ಸುತ್ತು ಬಂದ. ದೇವಸ್ಥಾನಕ್ಕೆ ಬಂದ ಹಾಗಲ್ಲ, ಪಂಚನಾಮೆಗೆ ಬಂದ ಹಾಗೆ. "ಈ ವಯಸ್ಸಲ್ಲಿ ನಿಂಗ್ಯಾಕೆ ಬೇಕಿತ್ತು ಇದು?"

"ಮತ್ತೆ ಯಾವ ವಯಸ್ಸಲ್ಲಿ ಓಡ್ಸೋಕೆ ಬಿಡ್ತಿದ್ರಿ, ಹೇಳು."

ಅಷ್ಟಕ್ಕೇ ಅಪ್ಪನ ಮುಖ ಕಪ್ಪಿಟ್ಟಿತು. ಯಾಕೆಂದು ನನಗೆ ಆಗ ತಿಳಿಯಲಿಲ್ಲ. "ಬೀದೀಲಿ ನಿಲ್ಲಿಸಿರೋ ಇಂಥಾ ಕಾರನ್ನ ಕಳ್ಳರು ತಿಂಗಳೊಳಗೆ ಎತ್ಕೊಂಡು ಹೋಗ್ತಾರೆ. ಹೋಗ್ಲಿ ಅಂತ ನಾನೇ ಹರಕೆ ಹೊತ್ಕೋತೀನಿ. ಇದು ನಿನ್ನ ಬಾಗಿಲಲ್ಲಿ ಇರೋವರ್ಗೂ ನಿನ್ನ ಹೊಸಿಲು ತುಳಿಯಲ್ಲ ಕಣಕ್ಕ" ಎಂದ.

"ಕಳುವಾದ ದಿನ ಸ್ಟೀರಿಂಗ್ ಮುಟ್ಟೋದು ಬಿಡ್ತೀನಿ. ಅಲ್ಲೀವರ್ಗೂ ನೀನೂ ಬರ್ಬೇಡ" ಎಂದಳು ಅತ್ತೆ.

ನಮ್ಮ ವಂಶದವರು ಮಾತು ಕೊಟ್ಟರೆ ತಪ್ಪುವವರಲ್ಲ. ಕೊಡುವ ಮುಂಚೆ ಯೋಚಿಸುವ ಅಭ್ಯಾಸ ಮಾತ್ರ ಇಲ್ಲ. ಅಪ್ಪ ಅಂದಿನಿಂದ ಅಕ್ಕನ ಮನೆಗೆ ಹೋಗುವುದನ್ನು ನಿಲ್ಲಿಸಿದ. ಕಾರು ಕಳುವಾದರೆ ತಮ್ಮ ಗೆದ್ದ, ಅಕ್ಕ ಸ್ಟೀರಿಂಗ್ ಬಿಟ್ಟಳು. ಕಾರು ಉಳಿದರೆ ಅಕ್ಕನಿಗೆ ತಮ್ಮನಿಲ್ಲ. ನಡುವೆ ಓಡಾಡಲು ನಾನೊಬ್ಬಳಿದ್ದೆ. ವಿಜಯನಗರದ ಆಫೀಸಿಗೆ ಹೋಗುವ ದಾರಿಯಲ್ಲಿ ಅತ್ತೆಯ ಮನೆಯಲ್ಲಿ ಕಾಫಿ ಕುಡಿಯುವುದು ನನ್ನ ಹಳೆಯ ಚಾಳಿ, ನಾನು ಯಾವ ಪ್ರತಿಜ್ಞೆಯನ್ನೂ ಮಾಡಿರಲಿಲ್ಲ.

ಹಾಗಾದರೆ ಕಾರನ್ನು ಗೇಟಿನೊಳಗೆ ನಿಲ್ಲಿಸಿದರೆ ಮುಗಿಯಿತಲ್ಲ ಎನ್ನುತ್ತೀರಿ. ನೀವು ನಮ್ಮ ಕಡೆಯ ಮನೆಗಳನ್ನು ನೋಡಿಲ್ಲ. ಟಾರು ಬಳಿದಾಗಲೆಲ್ಲ ರಸ್ತೆ ಮೇಲೇರುತ್ತದೆ. ಮಳೆನೀರು ಒಳಗೆ ಬಾರದಿರಲೆಂದು ಮನೆಗಳು ಅದಕ್ಕಿಂತ ಮೇಲೇರುತ್ತವೆ. ನಡುವೆ ಮೋರಿ, ಮೋರಿಯ ಮೇಲೆ ಗೇಟಿನವರೆಗೆ ಕಡಿದಾದ ಸಿಮೆಂಟಿನ ಇಳಿಜಾರು. ಅತ್ತೆಯ ಕಾರು ಮೊದಲ ದಿನವೇ ಅದನ್ನು ಅರ್ಧ ಹತ್ತಿ, ಹೊಟ್ಟೆ ತಾಗಿ, ಮುಂದಿನ ಚಕ್ರ ಗಾಳಿಯಲ್ಲಿ ಆಡಿಸುತ್ತಾ ನಿಂತುಬಿಟ್ಟಿತು. ಬೀದಿಯವರೆಲ್ಲ ಸೇರಿ ಹಿಂದಕ್ಕೆಳೆದರು. ಅಂದಿನಿಂದ ಹೊಂಗೆ ಮರದ ನೆರಳೇ ಅದರ ಮನೆ.

ಈಗ ಕಾವಲಿನ ಮಾತು. ಕಾರಿನ ಜೊತೆ ಒಂದು ಅಲಾರಂ ಬಂದಿತ್ತು. ಯಾರಾದರೂ ಮುಟ್ಟಿದರೆ ಕೂಗಬೇಕು, ಅದು ಅದರ ಕೆಲಸ. ಅದು ಬೆಕ್ಕು ಹತ್ತಿದರೂ ಕೂಗಿತು, ಹೊಂಗೆ ಕಾಯಿ ಬಿದ್ದರೂ ಕೂಗಿತು, ಪಕ್ಕದ ಬೀದಿಯಲ್ಲಿ ತಮಟೆ ಬಡಿದರೂ ಜೊತೆಗೆ ತಾನೂ ಕೂಗಿತು. ಬೀದಿಯ ಜನಕ್ಕೆ ಎಷ್ಟು ರೂಢಿಯಾಯಿತೆಂದರೆ ಅಲಾರಂ ಕೇಳಿದರೆ ಹೆಂಗಸರು ಕುಕ್ಕರ್ ಆರಿಸಲು ಎದ್ದು ಹೋಗುತ್ತಿದ್ದರು. "ಸುಮ್‌ಸುಮ್ನೆ ಬೊಗಳೋ ನಾಯಿ ಸಾಕಿದ್ರೆ ನಿಜವಾದ ಕಳ್ಳ ಬಂದಾಗ ಯಾರು ಎದ್ದೇಳ್ತಾರೆ?" ಎಂದು ಅತ್ತೆ ಅದನ್ನು ಆಫ್ ಮಾಡಿ ರಿಮೋಟನ್ನು ಸಾಸಿವೆ ಡಬ್ಬಿಯ ಪಕ್ಕದಲ್ಲಿ ಇಟ್ಟುಬಿಟ್ಟಳು.

ಆಮೇಲೆ ಸರಪಳಿ ಬಂತು. ಆ ಮನೆಯ ಮುಂದೆ ಹಿಂದಿನವರು ಎತ್ತು ಕಟ್ಟುತ್ತಿದ್ದ ಕಲ್ಲಿನ ಗೂಟವೊಂದು ಇನ್ನೂ ಇದೆ. ಕಾರಿನ ಹಿಂದಿನ ಚಕ್ರಕ್ಕೆ ಸರಪಳಿ ತೂರಿಸಿ ಅತ್ತೆ ಅದಕ್ಕೆ ಬೀಗ ಹಾಕಿದಳು. ಉಪಾಯ ಚೆನ್ನಾಗಿಯೇ ಇತ್ತು. ಒಂದು ಬೆಳಿಗ್ಗೆ ಬಿಚ್ಚುವುದನ್ನು ಮರೆತು ಕಾರು ಹೊರಡಿಸಿದಳು. ಟಣ್ಣೆಂದು ಸದ್ದಾಯಿತು, ಕಾರು ಮುಗ್ಗರಿಸಿ ನಿಂತಿತು. ಗಾಬರಿಯಾಗಿ ನಾನು ಓಡಿ ಹೋಗಿ ನೋಡಿದರೆ, ಅತ್ತೆ ಇಳಿದು ಬಂದು ಚಕ್ರವನ್ನು ನೋಡದೆ ಗೂಟವನ್ನು ಅಲ್ಲಾಡಿಸಿ ನೋಡುತ್ತಿದ್ದಾಳೆ!

"ಒಂಚೂರೂ ಸಡ್ಲ ಆಗಿಲ್ಲ ನೋಡೆ. ನಮ್ಮ ಮಾವನೋರು ನೆಟ್ಟಿದ್ದು" ಎಂದಳು ಹೆಮ್ಮೆಯಿಂದ.

ಗೂಟ ಎತ್ತನ್ನು ನೆನಪಿಸಿದ ಮೇಲೆ ಗಂಟೆ ನೆನಪಾಗದೆ ಇರುತ್ತದೆಯೆ? ಅಟ್ಟದ ಮೇಲಿದ್ದ ಎತ್ತಿನ ಕೊರಳ ಗಂಟೆಯನ್ನು ಇಳಿಸಿ ಕಾರಿನ ಹಿಂದೆ ಕಟ್ಟಿದಳು. ಕಳ್ಳ ಅಲ್ಲಾಡಿಸಿದರೆ ಗಂಟೆ ಕೇಳುತ್ತದೆ. ಅವಳೇ ಓಡಿಸಿದರೂ ಕೇಳುತ್ತದೆ ಎಂಬುದು ಹೊಳೆದಿರಲಿಲ್ಲ. ಸುಮನಹಳ್ಳಿ ಸಿಗ್ನಲ್ಲಿನಲ್ಲಿ ಘಲ್ಲೆನ್ನುತ್ತಾ ಬಂದ ಹಳದಿ ಕಾರನ್ನು ಪೊಲೀಸಪ್ಪ ನಿಲ್ಲಿಸಿ, ಹಿಂದೆ ಮುಂದೆ ನೋಡಿ, "ಗಂಟೆ ಕೇಳ್ತಾ ಇದೆ, ಎತ್ತು ಎಲ್ಲಮ್ಮ?" ಎಂದನಂತೆ.

"ಒಳಗಿದೆ ಸಾರ್, ಅದಕ್ಕೇ ಕಾಣ್ತಿಲ್ಲ" ಎಂದು ಅತ್ತೆ ಬಾನೆಟ್ ತೋರಿಸಿದಳಂತೆ. ಆತ ನಗುತ್ತಾ ದಾರಿ ಬಿಟ್ಟ. ಗಂಟೆ ಮತ್ತೆ ಅಟ್ಟ ಸೇರಿತು, ಅದರ ಹಿಂದೆಯೇ ಸರಪಳಿಯೂ.

ನಾಲ್ಕನೆಯದು ವೇಷ. ಕಾರು ಚೆಂದ ಕಾಣುವುದರಿಂದ ತಾನೆ ಕದಿಯುವ ಆಸೆ ಹುಟ್ಟುವುದು? ಮಿಷನ್ನಿನಲ್ಲಿದ್ದ ಹಳೆಯ ಟಾರ್ಪಾಲು ಹೊದಿಸಿ, ಮೇಲೆ ಹರಿದ ಗೋಣಿಚೀಲ ಹಾಸಿ, ಹಗ್ಗದಿಂದ ಬಿಗಿದು, ಒಂದು ಮುರಿದ ಪ್ಲಾಸ್ಟಿಕ್ ಕುರ್ಚಿಯನ್ನು ಒರಗಿಸಿಟ್ಟಳು. ಮಾರನೆಯ ದಿನವೇ ಗುಜರಿಯವನು ಗಾಡಿ ನಿಲ್ಲಿಸಿ ಕೇಳಿದ: "ಅಮ್ಮ, ಇದನ್ನ ಹಾಕ್ಬಿಡ್ತೀರಾ? ತೂಕಕ್ಕೆ ತಗೋತೀನಿ."

ಇನ್ನೊಬ್ಬರಾಗಿದ್ದರೆ ಕಣ್ಣೀರು ಹಾಕುತ್ತಿದ್ದರು. ಅತ್ತೆ ಸಂತೋಷದಿಂದ ಅವನಿಗೆ ಕಾಫಿ ಕೊಟ್ಟಳು. "ಗುಜರಿಯವನೇ ಮೋಸ ಹೋದ ಅಂದ್ಮೇಲೆ ಕಳ್ಳ ಯಾವ ಲೆಕ್ಕ?"

ಇತ್ತ ನಮ್ಮ ಮನೆಯಲ್ಲಿ ಅಪ್ಪ ದಿನವೂ ಊಟಕ್ಕೆ ಕೂತಾಗ, ಬೇರೆಯವರು ಮಳೆ ಬಂತಾ ಎಂದು ಕೇಳುವ ಹಾಗೆ, ತಟ್ಟೆ ನೋಡುತ್ತಲೇ ಕೇಳುತ್ತಿದ್ದ: "ಇದ್ಯಾ ಇನ್ನೂ?"

"ಇದೆ."

"ಏನು ಕಳ್ಳರೋ. ಸೋಮಾರಿಗಳು" ಎಂದು ಮುದ್ದೆ ಮುರಿಯುತ್ತಿದ್ದ. ಸರಪಳಿ, ಗಂಟೆ, ಗೋಣಿಚೀಲ, ಎಲ್ಲದರ ವರದಿಯೂ ಅವನಿಗೆ ಬೇಕು. ಗೂಟದ ಕಥೆ ಹೇಳಿದಾಗ ನಗು ತಡೆಯಲಾರದೆ ನೀರು ನೆತ್ತಿಗೇರಿ ಕೆಮ್ಮಿದ. ಕೆಮ್ಮು ನಿಂತ ಮೇಲೆ, "ಅವಳಿಗೇನೂ ಆಗ್ಲಿಲ್ಲ ತಾನೆ?" ಎಂದ.

ಕೊನೆಗೆ ಅತ್ತೆ ತನ್ನ ಬ್ರಹ್ಮಾಸ್ತ್ರ ತೆಗೆದಳು. ಬೂದಿ.

ತಾತನ ಕಾಲದಲ್ಲಿ ಕಣದಲ್ಲಿ ರಾಗಿ ತೂರಿ ರಾಶಿ ಮಾಡಿದ ಮೇಲೆ, ಅದನ್ನು ಮನೆಗೆ ಸಾಗಿಸುವ ತನಕ ಸುತ್ತಲೂ ಬೂದಿಯಲ್ಲಿ ಗೆರೆ ಎಳೆಯುತ್ತಿದ್ದರಂತೆ, ರಾಶಿಯ ಮೇಲೂ ಬೂದಿಯ ಗುರುತು ಹಾಕುತ್ತಿದ್ದರಂತೆ. ಯಾರಾದರೂ ಒಂದು ಹಿಡಿ ಮುಟ್ಟಿದರೂ ಗುರುತು ಕೆಡುತ್ತದೆ, ಹತ್ತಿರ ಬಂದರೆ ಹೆಜ್ಜೆ ಮೂಡುತ್ತದೆ. "ಅಲಾರಂ ಕಳ್ಳ ಬಂದ ಅಂತ ಹೇಳುತ್ತೆ ಅಷ್ಟೆ. ಬೂದಿ ಯಾವ ಕಳ್ಳ ಅಂತ ಹೇಳುತ್ತೆ" ಎಂದಳು ಅತ್ತೆ. ಗ್ಯಾಸ್ ಒಲೆಯ ಕಾಲದಲ್ಲಿ ಬೂದಿಗೆ ಎಲ್ಲಿಗೆ ಹೋಗುವುದು? ಮೂಲೆಯಲ್ಲಿ ಗಾಡಿ ಇಟ್ಟುಕೊಂಡು ಇದ್ದಿಲು ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುವವನನ್ನು ಗೊತ್ತು ಮಾಡಿಕೊಂಡಳು. ಅವನು ಸಂಜೆ ಕೊಡುವ ಬೂದಿಯನ್ನು ಜರಡಿ ಹಿಡಿದು, ಕಾರಿನ ಸುತ್ತ ಒಂದು ಮೊಳ ಅಗಲದ ಪಟ್ಟಿ ಹರಡುವುದು, ಬೆಳಿಗ್ಗೆ ಎದ್ದು ಬಗ್ಗಿ ಬಗ್ಗಿ ಪರೀಕ್ಷಿಸುವುದು. ರಾಗಿ ಮಿಷನ್ನಿನ ಕೈ ನೋಡಿ, ಎಲ್ಲೂ ಒಂದು ಉಂಡೆ ಇರುತ್ತಿರಲಿಲ್ಲ.

ಮಹಡಿ ಮನೆಯಲ್ಲಿ ಬಾಡಿಗೆಗೆ ಬಾಗಲಕೋಟೆ ಕಡೆಯ ಹೆಂಗಸೊಬ್ಬರಿದ್ದಾರೆ. ಗೆರೆ ನೋಡಿದ ಬೆಳಿಗ್ಗೆ ಅವರು ಮೆಟ್ಟಿಲ ಮೇಲೇ ನಿಂತು ಕೂಗಿದರು: "ಅಮ್ಮಾರ, ಹೆದರಬ್ಯಾಡ್ರಿ. ನಿಮ್ಮ ಗಾಡಿಗೆ ಯಾರೋ ಮಾಟ ಮಾಡ್ಸ್ಯಾರ ನೋಡ್ರಿ. ಸುತ್ತ ಬೂದಿ ಹಾಕ್ಯಾರ."

"ಹಾಕಿರೋಳು ನಾನೇ ಕಣಮ್ಮ."

ಅವರು ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದರು. "ನಿಮ್ಮ ಗಾಡಿಗೆ ನೀವ ಮಾಟ ಮಾಡ್ಸೀರೇನ್ರಿ?"

ಕಣ, ರಾಶಿ ಎಂದೆಲ್ಲ ಅತ್ತೆ ವಿವರಿಸಿದಳು. ಅವರೂ ಜೋಳದ ರಾಶಿ ಕಂಡವರು, ಒಪ್ಪಿಕೊಂಡರು. ಬೀದಿ ಮಾತ್ರ ಒಪ್ಪಲಿಲ್ಲ. ಕಾರಿನ ಪಕ್ಕ ಸ್ಕೂಟರ್ ನಿಲ್ಲಿಸುತ್ತಿದ್ದವರು ಆಚೆ ಬದಿಗೆ ಹೋದರು. ಪಾರ್ಸೆಲ್ ತರುವವರಿಗೆ ಬೀದಿಯವರೇ "ಅಣ್ಣ, ಆ ಕಡೆ ಹೋಗ್ಬೇಡಿ" ಎಂದು ಎಚ್ಚರಿಕೆ ಕೊಡತೊಡಗಿದರು. ಇಷ್ಟು ವಿದ್ಯೆಗಳಲ್ಲಿ ನಿಜವಾಗಿ ಕೆಲಸ ಮಾಡಿದ್ದು ಇದೊಂದೇ, ಅದೂ ತಪ್ಪು ಕಾರಣಕ್ಕೆ. ಮಳೆ ಬಂದ ದಿನ ಏನು ಮಾಡುವುದು ಎಂದು ಕೇಳಿದೆ. "ಮಳೇಲಿ ನೆನ್ಕೊಂಡು ಕದಿಯೋ ಕಳ್ಳ ಆದ್ರೆ ತಗೊಂಡ್ ಹೋಗ್ಲಿ ಬಿಡೆ, ಕಷ್ಟಪಟ್ಟಿದಾನೆ" ಎಂದಳು.

ಶ್ರಾವಣ ಮುಗಿಯುತ್ತಿದ್ದ ಹೊತ್ತು. ಒಂದು ಬೆಳಿಗ್ಗೆ ನಾನು ಹೋದಾಗ ಅತ್ತೆ ಕಾರಿನ ಎಡಗಡೆ ಸುಮ್ಮನೆ ನಿಂತಿದ್ದಳು. ಬೂದಿಯ ಮೇಲೆ ಚಪ್ಪಲಿಯ ಹೆಜ್ಜೆ ಮೂಡಿತ್ತು. ಎಡಗಾಲಿನದು ಅಚ್ಚೊತ್ತಿದ ಹಾಗೆ ಸ್ಪಷ್ಟ. ಬಲಗಾಲಿನದರ ಹಿಂದೆ ಉದ್ದಕ್ಕೂ ಒಂದು ಗೆರೆ, ಕಾಲು ಎಳೆದುಕೊಂಡು ಬಂದ ಹಾಗೆ. ಬಂದವನು ಎಡಬಾಗಿಲ ಹತ್ತಿರ ನಿಂತಿದ್ದ, ಗಾಳಿಗೆ ಬಿಚ್ಚಿಹೋಗಿದ್ದ ಟಾರ್ಪಾಲಿನ ಹಗ್ಗವನ್ನು ಬಿಗಿಯಾಗಿ ಕಟ್ಟಿದ್ದ, ಬಂದ ದಾರಿಯಲ್ಲೇ ಹಿಂದಿರುಗಿದ್ದ.

ಆ ಗೆರೆ ನನಗೆ ಗೊತ್ತು. ಮಳೆಗಾಲದಲ್ಲಿ ನಮ್ಮ ಮನೆಯ ನೆಲದ ಮೇಲೆ ಬುದ್ಧಿ ಬಂದಾಗಿನಿಂದ ನಾನು ಒರೆಸುತ್ತಿರುವ ಗೆರೆ ಅದು. ಅಪ್ಪ ಚಿಕ್ಕಂದಿನಲ್ಲಿ ಟ್ರಾಕ್ಟರಿನಿಂದ ಬಿದ್ದು ಬಲಗಾಲು ಸ್ವಲ್ಪ ಎಳೆಯುತ್ತಾನೆ.

"ಯಾರಿರಬಹುದತ್ತೆ?" ಎಂದೆ, ಅವಳ ಮುಖ ನೋಡದೆ.

"ಯಾರೋ ಕಳ್ಳ" ಎಂದಳು, ನನ್ನ ಮುಖ ನೋಡದೆ.

ಆ ದಿನವೆಲ್ಲ ಅವಳು ಆ ಹೆಜ್ಜೆಗಳನ್ನು ಗುಡಿಸಲಿಲ್ಲ, ಬಳಸಿಕೊಂಡು ಓಡಾಡಿದಳು. ಸಂಜೆ ಹೊಸ ಬೂದಿ ಹರಡಿದಳು. ಮಾರನೆಯ ಬೆಳಿಗ್ಗೆಯೂ ಹೆಜ್ಜೆ ಇತ್ತು. ಅದರ ಮಾರನೆಯ ದಿನವೂ. ಒಂದು ದಿನ ಟಾರ್ಪಾಲಿನ ಮೇಲಿನ ಹಕ್ಕಿ ಹಿಕ್ಕೆ ಒರೆಸಿತ್ತು, ಇನ್ನೊಂದು ದಿನ ಚಕ್ರ ಉರುಳದಂತೆ ಒಂದು ಕಲ್ಲು ಒತ್ತುಕೊಟ್ಟಿತ್ತು.

"ಇಂಥಾ ಕಳ್ಳನ್ನ ಇದೇ ಮೊದ್ಲು ನೋಡ್ತಿರೋದು. ಹಿಂಗೇ ಬರ್ತಾ ಇದ್ರೆ ನಮ್ಮ ಗೇಟಿಗೂ ಎಣ್ಣೆ ಬಿಡ್ತಾನೋ ಏನೋ" ಎಂದರು ಮಾವ ಗಟ್ಟಿಯಾಗಿ. ಅತ್ತೆ ಒಳಗೆ ಹೋದ ಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದರು: "ನಿಮ್ಮಪ್ಪ ಬಿದ್ದ ದಿನ ಟ್ರಾಕ್ಟರ್ ಯಾರು ಓಡಿಸ್ತಿದ್ರು, ಗೊತ್ತೇನಮ್ಮ?"

ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

"ನಿಮ್ಮತ್ತೆ. ಊರಿಗೆಲ್ಲ ಮೊದಲ ಟ್ರಾಕ್ಟರ್ ಅದು. ನಿಮ್ಮ ತಾತ ಮಗಳಿಗೇ ಕಲಿಸಿದ್ರು, ಅವಳಿಗೆ ಭಯ ಅನ್ನೋದೇ ಇರ್ಲಿಲ್ಲ. ಅಕ್ಕ ಸ್ಟೀರಿಂಗ್ ಹಿಡಿದ್ರೆ ತಮ್ಮ ಎಡಗಡೆ ಮಡ್‌ಗಾರ್ಡ್ ಮೇಲೆ. ಯಾವಾಗ್ಲೂ ಎಡಗಡೇನೇ. ಒಂದಿನ ಕೆರೆ ಏರಿ ಮೇಲೆ ಜೋರಾಗಿ ಹೋದ್ರು, ಅವನು ಬಿದ್ದ. ಅವತ್ತೇ ಕೊನೆ, ನಿಮ್ಮ ತಾತ ಮತ್ತೆ ಅವಳ ಕೈಗೆ ಸ್ಟೀರಿಂಗ್ ಕೊಡ್ಲಿಲ್ಲ. ನಿಮ್ಮಪ್ಪ ಒಂದಿನಾನೂ ಅಕ್ಕನಿಂದ ಬಿದ್ದೆ ಅಂತ ಅಂದಿಲ್ಲ. ಇವಳು ಒಂದಿನಾನೂ ಬೇರೆ ಥರ ಅಂದ್ಕೊಂಡಿಲ್ಲ."

ನಾನು ಅಂದು ಆಫೀಸಿಗೆ ಹೋಗಿ ಎಷ್ಟೋ ಹೊತ್ತು ಕಂಪ್ಯೂಟರ್ ತೆರೆಯದೆ ಕೂತಿದ್ದೆ. ಯಾವ ವಯಸ್ಸಲ್ಲಿ ಓಡ್ಸೋಕೆ ಬಿಡ್ತಿದ್ರಿ ಎಂದು ಅತ್ತೆ ಕೇಳಿದ್ದು ಯಾಕೆ, ಅಪ್ಪನ ಮುಖ ಕಪ್ಪಿಟ್ಟದ್ದು ಯಾಕೆ, ಎಡಗಡೆ ಸೀಟಿನಲ್ಲಿ ನನ್ನನ್ನು ಕೂರಿಸದಿದ್ದದ್ದು ಯಾಕೆ, ಎಲ್ಲ ಒಟ್ಟಿಗೇ ತಿಳಿದಿತ್ತು. ಸಂಜೆ ಊಟಕ್ಕೆ ಕೂತ ಅಪ್ಪ ಎಂದಿನಂತೆ ತಟ್ಟೆ ನೋಡುತ್ತಾ ಕೇಳಿದ: "ಇದ್ಯಾ ಇನ್ನೂ?" ಬೆಳಿಗ್ಗೆ ತಾನೇ ಅದರ ಚಾಕರಿ ಮಾಡಿ ಬಂದ ಮನುಷ್ಯ! ಶುಗರ್‌ಗೆ ವಾಕಿಂಗು ಎಂದು ಹೇಳಿ ಹೋಗುವ ಅವನ ಚಪ್ಪಲಿಯ ಅಂಚಿನಲ್ಲಿ ಬೂದಿ ಮೆತ್ತಿಕೊಂಡೇ ಇತ್ತು.

"ಇದೆ" ಎಂದೆ.

"ಕಳ್ಳರಿಗೂ ಬೇಡವಾಯ್ತು ನೋಡು" ಎಂದು ಅಪ್ಪ ಸಾರು ಬಡಿಸಿಕೊಂಡ. ಆದರೆ ಸಾರು ಬಡಿಸಿಕೊಳ್ಳುವ ಕೈಯಲ್ಲಿ ಒಂದು ನೆಮ್ಮದಿ ಇತ್ತು.

ಹೀಗಿರುವಾಗ ಗೌರಿ ಹಬ್ಬ ಬಂತು. ತವರಿನ ಬಾಗಿನ ಹಬ್ಬದ ಬೆಳಿಗ್ಗೆ ತಮ್ಮನೇ ಕೈಯಾರೆ ಕೊಡಬೇಕು. ಅಕ್ಕನ ಮದುವೆಯಾದಾಗಿನಿಂದ ಅಪ್ಪ ಒಂದು ವರ್ಷವೂ ತಪ್ಪಿಸಿರಲಿಲ್ಲ. ಹಿಂದಿನ ರಾತ್ರಿಯೇ ಅಮ್ಮ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬೇಳೆ ಬೆಲ್ಲ, ರವಿಕೆ ಬಟ್ಟೆ ಎಲ್ಲ ಜೋಡಿಸಿ, ಮೇಲೆ ಇನ್ನೊಂದು ಮೊರ ಮುಚ್ಚಿ, ದೇವರ ಮುಂದೆ ಇಟ್ಟಳು.

"ನೀನೇ ಕೊಟ್ಟು ಬಾ" ಎಂದ ಅಪ್ಪ.

"ಅವರ ಜೊತೇಲಿ ಹುಟ್ಟಿದೋಳು ನಾನಾ?" ಎಂದು ಅಮ್ಮ ಒಬ್ಬಟ್ಟು ತಟ್ಟತೊಡಗಿದಳು.

"ಆಡಿದ ಮಾತು ಆಡಿದ್ದು. ನಾನು ಆ ಹೊಸಿಲು ತುಳಿಯಲ್ಲ" ಎಂದು ಅಪ್ಪ ಹಾಸಿಗೆ ಹಾಸಿಕೊಂಡ.

ಬೆಳಿಗ್ಗೆ ಎದ್ದು ನೋಡಿದರೆ ದೇವರ ಮುಂದೆ ಮೊರವಿಲ್ಲ, ಬಾಗಿಲ ಹತ್ತಿರ ಚಪ್ಪಲಿಯಿಲ್ಲ. ಹೂವಿನ ಪೊಟ್ಟಣ ಮಾತ್ರ ಅಲ್ಲೇ ಉಳಿದಿತ್ತು. "ಹೂವಿಲ್ದೆ ಏನು ಬಾಗಿನ ಕೊಡ್ತಾರೆ ಈ ಮನುಷ್ಯ, ಓಡು" ಎಂದು ಅಮ್ಮ ಪೊಟ್ಟಣವನ್ನು ನನ್ನ ಕೈಗೆ ತುರುಕಿದಳು. ನಾನು ಒಂದು ಕ್ರಾಸು ದಾಟಿರಬೇಕು, ಅಷ್ಟರಲ್ಲಿ ಅಲಾರಂ ಕೇಳಿತು.

ಅದು ಮೊದಲೆಂದೂ ಕೂಗಿರದ ಹಾಗೆ ಕೂಗುತ್ತಿತ್ತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಬೀದಿಗೆ ಬೀದಿಯೇ ಹೊರಗೆ ಬಂದಿತ್ತು. ಮಹಡಿ ಮನೆಯವರು ಲಟ್ಟಣಿಗೆ ಹಿಡಿದು ಮೆಟ್ಟಿಲಿಳಿದಿದ್ದರು, ಇಸ್ತ್ರಿಯವನು ಗಾಡಿ ಬಿಟ್ಟು ಬಂದಿದ್ದ, ಮಾವ ಅರ್ಧ ಸೋಪು ಹಚ್ಚಿಕೊಂಡು ಟವೆಲ್ಲಿನಲ್ಲಿ ನಿಂತಿದ್ದರು. ಎಲ್ಲರ ನಡುವೆ, ಬೂದಿಯ ಪಟ್ಟಿಯ ಮೇಲೆ, ಅರ್ಧ ಎತ್ತಿದ ಟಾರ್ಪಾಲಿನ ಪಕ್ಕ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಎರಡೂ ಕೈಯಲ್ಲಿ ಮೊರ ಹಿಡಿದುಕೊಂಡು ನಮ್ಮಪ್ಪ. ಬಾನೆಟ್ಟಿನ ಮೇಲೆ ಬಾಗಿನ ಇಟ್ಟು ಯಾರಿಗೂ ಕಾಣದೆ ಹೋಗುವ ಯೋಚನೆ ಅವನದು.

"ಹಬ್ಬದ ದಿನಾನೂ ಬಿಡಂಗಿಲ್ಲೇನ್ರಿ?" ಎಂದು ಲಟ್ಟಣಿಗೆ ಕೇಳಿತು.

"ನಾನು ಕಳ್ಳ ಅಲ್ಲಮ್ಮ" ಎಂದ ಅಪ್ಪ, ಆದಷ್ಟು ಗಾಂಭೀರ್ಯದಿಂದ. "ಅವಳ ತಮ್ಮ."

"ತಮ್ಮ ಆದ್ರ ಮನಿ ಒಳಗ ಹೋಗ್ಬೇಕಲ್ರಿ, ಗಾಡಿ ಒಳಗ ಯಾಕ ಹೊಂಟೀರಿ?"

ಅತ್ತೆ ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ರಿಮೋಟು. ಗುಂಡಿ ಒತ್ತಿದಳು, ಬೀದಿ ತಣ್ಣಗಾಯಿತು.

"ಇದು ಆಫ್ ಆಗಿತ್ತಲ್ಲ ಇಷ್ಟು ದಿನ" ಎಂದುಬಿಟ್ಟ ಅಪ್ಪ.

"ನಿಂಗೆ ಹೆಂಗೊತ್ತು?"

ಅಪ್ಪ ಮೊರದ ಅಂಚನ್ನು ನೋಡತೊಡಗಿದ. ಅತ್ತೆ ಮೆಟ್ಟಿಲಿಳಿದು ಬಂದಳು. "ಇವತ್ತು ಬರ್ತೀಯ ಅಂತ ಗೊತ್ತಿತ್ತು. ಮಾತಾಡಿಸ್ದೆ ಹೋಗ್ತೀಯ ಅಂತಾನೂ ಗೊತ್ತಿತ್ತು. ಅದಕ್ಕೇ ಆನ್ ಮಾಡಿದ್ದೆ."

"ನಾನು ಒಳಗೆ ಬರಂಗಿಲ್ಲ ಅಕ್ಕ. ಮಾತು ಕೊಟ್ಟಿದೀನಿ. ಇಲ್ಲೇ ತಗೊಂಬಿಡು."

"ಬೀದೀಲಿ ನಿಂತ್ಕೊಂಡು ಬಾಗಿನ ಇಸ್ಕೊಳ್ಳೋಕೆ ನಂಗೇನು ತವರು ಗತಿಗೆಟ್ಟಿದ್ಯಾ?" ಎಂದು ಅತ್ತೆ ಟಾರ್ಪಾಲನ್ನು ಪೂರ್ತಿ ಎಳೆದು ಹಾಕಿ ಎಡಗಡೆಯ ಬಾಗಿಲು ತೆರೆದಳು. "ಮನೆ ಹೊಸಿಲು ತುಳಿಯಲ್ಲ ಅಂದೆ. ಇದಕ್ಕೆ ಹೊಸಿಲಿಲ್ಲ. ಕೂತ್ಕೋ."

ಅಪ್ಪ ಯೋಚಿಸಿದ. ತನ್ನ ಪ್ರತಿಜ್ಞೆಯನ್ನು ಮನಸ್ಸಿನಲ್ಲೇ ಒಂದು ಸಲ ಓದಿಕೊಂಡಿರಬೇಕು. ಕಾರಿನ ಸೀಟಿನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಮೊರವನ್ನು ನನ್ನ ಕೈಗೆ ಕೊಟ್ಟು, ಎಳೆಯುವ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟು, ಬಾವಿಗೆ ಇಳಿದ ಹಾಗೆ ಇಳಿದು ಕೂತ. ಅತ್ತೆ ಆ ಕಡೆಯಿಂದ ಹತ್ತಿದಳು. ನಾನು ಕಿಟಕಿಯಿಂದ ಹೂವನ್ನೂ ಮೊರವನ್ನೂ ಕೊಟ್ಟೆ. ಹೊಂಗೆ ಮರದ ಕೆಳಗೆ, ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ, ತಮ್ಮ ಅಕ್ಕನಿಗೆ ಬಾಗಿನ ಕೊಟ್ಟ. ಅಕ್ಕನ ಕಾಲಿಗೆ ಬೀಳಲು ಒಳಗೆ ಜಾಗವಿರಲಿಲ್ಲ. ಕೈ ಚಾಚಿ ಸ್ಟೀರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಅತ್ತೆ ಕಾರು ಸ್ಟಾರ್ಟ್ ಮಾಡಿದಳು. ಆದರೆ ಹೊರಡಿಸಲಿಲ್ಲ. ಕೈ ಸ್ಟೀರಿಂಗ್ ಮೇಲೆ, ಕಣ್ಣು ರಸ್ತೆಯ ಮೇಲೆ, ಹಾಗೇ ಕೂತಿದ್ದಳು. ಪೊಲೀಸನಿಗೆ, ಗುಜರಿಯವನಿಗೆ, ಇಡೀ ಬೀದಿಗೆ ಉತ್ತರ ಕೊಟ್ಟವಳು ಹ್ಯಾಂಡ್‌ಬ್ರೇಕ್ ಇಳಿಸಿ ಮತ್ತೆ ಎಳೆದದ್ದು ಕಿಟಕಿಯ ಹತ್ತಿರ ನಿಂತಿದ್ದ ನನಗೆ ಕಂಡಿತು.

"ಭಯ ಆಗುತ್ತೇನೋ?" ಎಂದು ತಮ್ಮನನ್ನು ಕೇಳಿದಳು, ತಿರುಗಿ ನೋಡದೆ.

ಅಪ್ಪ ಭುಜದ ಹಿಂದೆ ತಡಕಾಡಿ ಬೆಲ್ಟ್ ಹುಡುಕಿ, ಎಳೆದುಕೊಂಡು, ಕಟಕ್ಕೆಂದು ಸಿಕ್ಕಿಸಿದ.

"ಅವತ್ತು ಬೆಲ್ಟ್ ಇರ್ಲಿಲ್ಲ ಕಣಕ್ಕ" ಎಂದ. "ಅಷ್ಟೇ."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಆಮೇಲೆ ಗೇರ್ ಹಾಕಿದಳು. ಕಾರು ಬೂದಿಯ ಗೆರೆ ದಾಟಿ ರಸ್ತೆಗಿಳಿಯಿತು, ನಡೆದು ಹೋಗುವವರೂ ದಾಟಿ ಹೋಗಬಹುದಾದಷ್ಟು ನಿಧಾನವಾಗಿ. "ಇಷ್ಟು ಸಾವಕಾಶ ಹೊಡಿಯಾಕ ಇಂಥಾ ಗಾಡಿ ಯಾಕ ಬೇಕಿತ್ರಿ?" ಎಂದರು ಮಹಡಿ ಮನೆಯವರು. ನಾನು ಕೆಳಗೆ ಬಿದ್ದಿದ್ದ ಟಾರ್ಪಾಲನ್ನು ಮಡಚತೊಡಗಿದೆ.

ಅಪ್ಪನ ಮಾತು ಇನ್ನೂ ಊರ್ಜಿತದಲ್ಲಿದೆ. ಕಾರು ಬಾಗಿಲಲ್ಲಿದೆ, ಅವನು ಹೊಸಿಲು ತುಳಿಯುವುದಿಲ್ಲ. ದಿನಾ ಬೆಳಿಗ್ಗೆ ಬಂದು ಎಡಗಡೆ ಸೀಟಿನಲ್ಲಿ ಕೂರುತ್ತಾನೆ, ಮಾವ ಕಿಟಕಿಯಿಂದ ಎರಡು ಲೋಟ ಕಾಫಿ ಕೊಡುತ್ತಾರೆ. ಅತ್ತೆ ಬೂದಿ ಹರಡುವುದನ್ನೂ ಬಿಟ್ಟಿಲ್ಲ. ಮೊನ್ನೆ ಸಂಜೆ ನೋಡಿದೆ, ಕಾರಿನ ಸುತ್ತ ಎಂದಿನಂತೆ ನುಣ್ಣಗೆ ಹರಡಿದ್ದಾಳೆ, ಎಡಬಾಗಿಲ ಹತ್ತಿರ ಮಾತ್ರ ಒಬ್ಬರು ನಡೆದು ಬರುವಷ್ಟು ಜಾಗ ಖಾಲಿ ಬಿಟ್ಟಿದ್ದಾಳೆ.

"ಅಲ್ಲಿ ಬಿಟ್ಟುಹೋಗಿದೆ ನೋಡತ್ತೆ" ಎಂದೆ. "ಕಳ್ಳ ಬಂದ್ರೆ?"

ಅತ್ತೆ ಕೈಯ ಬೂದಿ ಕೊಡವಿಕೊಂಡಳು.

"ಬರ್ಲಿ ಅಂತಾನೇ ಬಿಟ್ಟಿರೋದು ಕಣೆ."